ಟೋಪಿ ಪ್ರೆಸ್‌ಗೆ ಅಡ್ವಾನ್ಸ್ ಕೊಡುವ ಮುಂಚೆ

ದಾವಣಗೆರೆ

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವನ ಆಶೀರ್ವಾದಗಳು.

ಟೋಪಿಗೆ ಪ್ರಿಂಟ್ ಹಾಕುವ ಕೆಲಸ ಶುರು ಮಾಡುತ್ತೀಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ತುಂಬಾ ಖುಷಿಯಾಯಿತು. ಆದರೆ ಮಗ್ಗು, ತಟ್ಟೆ, ಟೀ ಶರ್ಟು, ಟೋಪಿ ಎಲ್ಲಕ್ಕೂ ಆಗುವ ಮಿಷನ್ನಿಗೆ ಅಡ್ವಾನ್ಸ್ ಕೊಡಲು ಹೊರಟಿದ್ದೀಯಂತೆ. ಎರಡು ದಿನ ತಡಿ.

ನಿನ್ನ ಕೈಲಿರುವುದೆಲ್ಲ ಟೋಪಿ ಆರ್ಡರೇ ಅಲ್ವಾ? ಹಾಗಾದರೆ ಟೋಪಿಗೆಂದೇ ಮಾಡಿದ, ಬಿಸಿಯಿಂದ ಒತ್ತುವ ಪ್ರೆಸ್ ತಗೋ. ಎಲ್ಲ ಕೆಲಸದ ಮಿಷನ್ನಿನಲ್ಲಿ ಪ್ರತಿ ಸಲ ಭಾಗ ಬಿಚ್ಚಿ ಜೋಡಿಸಬೇಕು, ಒತ್ತಡ ಮತ್ತೆ ಹೊಂದಿಸಬೇಕು. ಅಂಗಡಿಯಲ್ಲಿ ಮೊದಲು ಕೆಳಗಿನ ಬಾಗಿದ ಅಚ್ಚು ನೋಡು. ಹಣೆಯ ಭಾಗಕ್ಕೆ ಬಕ್ರಮ್ ಅಂದರೆ ಗಡುಸು ಬಟ್ಟೆ ಹಾಕಿದ ಗಟ್ಟಿ ಟೋಪಿ ಒಂದು, ಮೆತ್ತಗಿನದೊಂದು ಜೊತೆಗೆ ತಗೊಂಡು ಹೋಗಿ ಆ ಅಚ್ಚಿನ ಮೇಲೆ ಎಳೆದು ಕೂರಿಸು. ತಮಟೆಯ ಚರ್ಮದ ಹಾಗೆ ಬಿಗಿಯಾಗಿ ನಿಲ್ಲಬೇಕು. ಒಂದು ಸುಕ್ಕು ಉಳಿದರೂ ಅಲ್ಲಿ ವಿನೈಲ್, ಅಂದರೆ ಅಕ್ಷರ ಕತ್ತರಿಸಿ ಬಿಸಿಯಿಂದ ಅಂಟಿಸುವ ಪ್ಲಾಸ್ಟಿಕ್ ಹಾಳೆ, ಹಿಡಿಯುವುದಿಲ್ಲ. ಬದಲಾಯಿಸುವ ಅಚ್ಚುಗಳಿದ್ದರೆ ಮಕ್ಕಳ ಟೋಪಿಗೂ ಅದೇ ಮಿಷನ್ ಸಾಕು.

ಒತ್ತುವ ಮುಂಚೆ ಒಳಗಿನ ಬೆವರು ಪಟ್ಟಿಯನ್ನು ಹೊರಕ್ಕೆ ಮಗುಚು. ಅದು ಅಡಿಯಲ್ಲಿ ಸಿಕ್ಕಿಕೊಂಡರೆ ಆ ಜಾಗ ಉಬ್ಬಿ, ಪಕ್ಕದ ಅಕ್ಷರಕ್ಕೆ ಒತ್ತಡವೇ ಬೀಳುವುದಿಲ್ಲ. ಬರೀ ಟೋಪಿಯನ್ನೇ ನಾಲ್ಕೈದು ಸೆಕೆಂಡು ಒತ್ತು, ತೇವ ಹೋಗಲಿ. ಆರು ತುಂಡಿನ ಟೋಪಿಯಲ್ಲಿ ಹಣೆಯ ನಡುವೆ ಹೊಲಿಗೆ ಬರುತ್ತದೆ. ಸಣ್ಣ ಅಕ್ಷರಗಳನ್ನು ಅದರ ಮೇಲೆ ಇಡಬೇಡ. ಐದು ತುಂಡಿನದರಲ್ಲಿ ಆ ತೊಂದರೆ ಇಲ್ಲ.

ಈಗ ಬಣ್ಣದ ವಿಷಯ. ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಒಂದು ರಾಜ್ಯೋತ್ಸವಕ್ಕೆ ಕೆಂಪು ಪಾಲಿಯೆಸ್ಟರ್ ಟೋಪಿಗಳ ಮೇಲೆ ಬಿಳಿ ಅಕ್ಷರ ಒತ್ತಿದೆ. ಬೇಗ ಮುಗಿಯಲಿ ಅಂತ ಬಿಸಿ ಜಾಸ್ತಿ ಇಟ್ಟಿದ್ದೆ. ರಾತ್ರಿ ಪ್ಯಾಕ್ ಮಾಡುವಾಗ ಅಕ್ಷರ ಹಾಲಿನಷ್ಟು ಬಿಳಿ. ಬೆಳಿಗ್ಗೆ ಡಬ್ಬ ತೆಗೆದರೆ ಎಲ್ಲ ಗುಲಾಬಿ! ಬಿಸಿಗೆ ಬಟ್ಟೆಯ ಕೆಂಪು ಎದ್ದು ವಿನೈಲ್ ಒಳಗೆ ಸೇರಿತ್ತು. ಅಷ್ಟೂ ಟೋಪಿ ನಾನೇ ಇಟ್ಟುಕೊಂಡೆ. ಗಾಢ ಬಣ್ಣದ ಪಾಲಿಯೆಸ್ಟರ್ ಬಂದರೆ ಕಡಿಮೆ ಬಿಸಿಗೆ ಅಂಟುವ, ಬಣ್ಣ ತಡೆಯುವ ವಿನೈಲ್ ಕೇಳಿ ತಗೋ. ಇಲ್ಲವೇ ಹತ್ತಿ ಟೋಪಿ ಕೊಡಿ ಅಂತ ಗಿರಾಕಿಗೆ ಹೇಳು. ಒಂದನ್ನು ಒತ್ತಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ನೋಡಿಯೇ ಉಳಿದದ್ದಕ್ಕೆ ಕೈ ಹಾಕು.

ಮಾಮೂಲಿ ವಿನೈಲ್‌ಗೆ ಸುಮಾರು 150 ಡಿಗ್ರಿ, 10ರಿಂದ 15 ಸೆಕೆಂಡು ಸಾಕಾಗುತ್ತದೆ. ಆದರೂ ರೋಲ್ ಮೇಲೆ ಬರೆದದ್ದೇ ಲೆಕ್ಕ. ವಿನೈಲ್ ಮೇಲಿನ ರಕ್ಷಣೆಯ ಹಾಳೆಯನ್ನು ಬಿಸಿಯಲ್ಲೇ ಕೀಳಬೇಕೋ ಆರಿದ ಮೇಲೋ ಅನ್ನುವುದೂ ಅಲ್ಲೇ ಇರುತ್ತದೆ. ಸಬ್ಲಿಮೇಷನ್, ಅಂದರೆ ಕಾಗದದ ಮೇಲಿನ ಶಾಯಿಯನ್ನು ಬಿಸಿಯಿಂದ ಬಟ್ಟೆಯೊಳಗೆ ಇಳಿಸುವುದು, ಬೇರೆ ದಾರಿ: ಅದಕ್ಕೆ 190–200 ಡಿಗ್ರಿ ಬೇಕು, ತಿಳಿ ಬಣ್ಣದ ಪಾಲಿಯೆಸ್ಟರ್ ಮೇಲೆ ಮಾತ್ರ ನಿಲ್ಲುತ್ತದೆ. ಹತ್ತಿ ಟೋಪಿಗೆ ಹಾಕಿಕೊಡುತ್ತೇನೆ ಅಂತ ಯಾರಿಗೂ ಒಪ್ಪಿಕೊಳ್ಳಬೇಡ.

ಪರದೆಯ ಮೇಲೆ ಕಾಣುವ ಡಿಗ್ರಿಯೂ ಪ್ಲೇಟಿನ ಡಿಗ್ರಿಯೂ ಎಷ್ಟೋ ಮಿಷನ್ನಿನಲ್ಲಿ ಒಂದೇ ಇರುವುದಿಲ್ಲ. ನಡುವೆ ಕಾದಷ್ಟು ಅಂಚು ಕಾಯದೆ ಇರಬಹುದು. ಭಾನುವಾರ ಬಿಸಿ ಅಳೆಯುವ ಗನ್ ತಗೊಂಡು ನಾನೇ ಬರುತ್ತೇನೆ, ಅಂಗಡಿಗೆ ಇಬ್ಬರೂ ಹೋಗೋಣ. ಮನೆಯಲ್ಲಿ ಅರ್ಥಿಂಗ್ ಸರಿ ಇದೆಯಾ ಅಂತ ಅಷ್ಟರೊಳಗೆ ಎಲೆಕ್ಟ್ರಿಷಿಯನ್‌ಗೆ ತೋರಿಸಿಡು.

ನಿನ್ನ ಪ್ರೀತಿಯ,
ಮಾವ