ಭಾನುವಾರದ ಓದಿಗೆ 'ಟ್ವೈಲೈಟ್'

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಮಡಿಕೇರಿಯಲ್ಲಿ, ಎಂದಿನ ಜಾಗದಲ್ಲೇ ಸೇರೋಣ. ಸ್ಟೆಫನಿ ಮೇಯರ್ ಬರೆದ, 2005ರಲ್ಲಿ ಪ್ರಕಟವಾದ 'ಟ್ವೈಲೈಟ್' ಕಾದಂಬರಿ ಬಗ್ಗೆ ಮಾತು. ಅರ್ಧಕ್ಕೇ ಬಿಟ್ಟವರೂ ಬನ್ನಿ.

ನನಗಂತೂ ಎರಡು ಮನಸ್ಸು. ಕಥೆ ನಡೆಯುವ ಅಮೆರಿಕದ ಫೋರ್ಕ್ಸ್ ಊರಿನ ಮೋಡ, ಬಿಡದ ಮಳೆ ನಮ್ಮ ಕಕ್ಕಡ ತಿಂಗಳ ಹಾಗೇ ಇದೆ. ತುಂಬಾ ಹಿಡಿಸಿತು. ಆದರೆ ನಾಯಕಿ ಬೆಲ್ಲಾ ಮಲಗಿದ್ದಾಗ, ಅವಳನ್ನು ಮೆಚ್ಚಿದ ರಕ್ತಪಿಶಾಚಿ ಎಡ್ವರ್ಡ್ ಹೇಳದೇ ಕೇಳದೇ ಅವಳ ಕೋಣೆಗೆ ಬಂದು ನೋಡುತ್ತಾ ಇರುವುದು? ಅದನ್ನು ಪ್ರೀತಿ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ. ನಮ್ಮ ಹೈಸ್ಕೂಲ್ ಮಕ್ಕಳೂ ಓದುತ್ತಿದ್ದಾರೆ, ಇದನ್ನು ಮಾತಾಡಲೇಬೇಕು ಅಲ್ವಾ? ಅವರನ್ನೂ ಕರೆತನ್ನಿ, ಮೊದಲು ಅವರೇ ಹೇಳಲಿ.

ಹಿಡಿಸಿದ ಒಂದು ಪುಟ, ಹಿಡಿಸದ ಒಂದು ಪುಟ ಗುರುತು ಮಾಡಿಕೊಳ್ಳಿ. ಪುಸ್ತಕ ಬೇಕಾದವರು ಇಲ್ಲೇ ಕೇಳಿ, ನನ್ನ ಪ್ರತಿ ಕೊಡುತ್ತೇನೆ. ಬರುವವರು ಶುಕ್ರವಾರದೊಳಗೆ ತಿಳಿಸಿಬಿಡಿ. ಮಳೆ ಜಾಸ್ತಿಯಾದರೆ ಮುಂದಿನ ವಾರಕ್ಕೆ ಹಾಕೋಣ.