ಕುಡಿತ ಬಿಡಿಸಲು ಭಾಷಣ ಸಾಲದು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಕುಡಿತ ಬಿಡಿಸುವುದೆಂದರೆ ನಮ್ಮಲ್ಲಿ ಇಂದಿಗೂ ಶಿಬಿರ, ಭಾಷಣ, ಪ್ರತಿಜ್ಞೆ. ಪರೀಕ್ಷಿಸಿ ನೋಡಿದ ಇನ್ನೊಂದು ದಾರಿ ಇದೆ. ಅದನ್ನು ಬೆಂಗಳೂರಿನ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಕ್ಲಿನಿಕ್‌ಗಳಲ್ಲಿ ಶುರು ಮಾಡಿಸಿ ಎಂಬುದು ನಮ್ಮ ಕೋರಿಕೆ.

ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನರೇ ವಿಪರೀತ ಕುಡಿಯುವ ಗಂಡಸರ ಜೊತೆ ಗರಿಷ್ಠ ನಾಲ್ಕು ಸಲ, ಪ್ರತಿ ಸಲ 30–45 ನಿಮಿಷ ಕೂತು ಮಾತಾಡಿದರು. ಮೂರು ತಿಂಗಳ ಬಳಿಕ ಶೇ 36ರಷ್ಟು ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 26. ಪವಾಡವೇನಲ್ಲ. ಆದರೂ ನೂರಕ್ಕೆ ಹತ್ತು ಸಂಸಾರ ಹೆಚ್ಚು.

ಮೊದಲು ಬೇಕಾದದ್ದು ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ ಪಟ್ಟಿ. ಬಿಪಿ ನೋಡುವ ನರ್ಸ್ ಅಲ್ಲೇ ಕೇಳಬಹುದು. ಒಟ್ಟು ಅಂಕ 40. 8 ಬಂದರೆ ಎಚ್ಚರ, 20 ಮುಟ್ಟಿದರೆ ಮಾತುಕತೆಗಿಂತ ಮೊದಲು ವೈದ್ಯರು ನೋಡಲೇಬೇಕು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಆಮೇಲಿನ ಒಂದೆರಡು ದಿನಗಳಲ್ಲಿ ಸನ್ನಿ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಆಣೆ ಹಾಕಿಸಿ ಮನೆಗೆ ಕಳಿಸುವವರು ಇದನ್ನು ಮರೆಯುತ್ತಾರೆ.

ಮೊದಲ ಭೇಟಿಯಲ್ಲಿ ಅಂಕ ತೋರಿಸಿ, ಕುಡಿತದಿಂದ ಏನು ಕಳೆದುಕೊಂಡರೆಂದು ಅವರ ಬಾಯಿಂದಲೇ ಹೇಳಿಸಬೇಕು. ಆಮೇಲೆ ಕುಡಿಯಬೇಕೆನಿಸುವ ಹೊತ್ತನ್ನು ಗುರುತಿಸುವುದು: ಬಟವಾಡೆಯ ಶನಿವಾರ, ಮನೆದಾರಿಯ ಬಾರು, ಕರೆಯುವ ಗೆಳೆಯ. ‘ಬೇಡ’ ಅನ್ನುವುದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸಬೇಕು. ಕೊನೆಗೆ, ಒಮ್ಮೆ ಜಾರಿದರೆ ಮರುದಿನ ಏನು ಮಾಡಬೇಕೆಂಬ ಯೋಜನೆ.

ಕೆಡುವುದು ಬುದ್ಧಿವಾದದಿಂದ. 1993ರ ಅಮೆರಿಕದ ಅಧ್ಯಯನವೊಂದರಲ್ಲಿ, ಚಿಕಿತ್ಸಕರು ಎದುರುವಾದ ಮಾಡಿದಷ್ಟೂ ವರ್ಷದ ನಂತರ ರೋಗಿಗಳ ಕುಡಿತ ಹೆಚ್ಚಿತ್ತು. ಎರಡು ದಿನದ ತರಬೇತಿ ಕೊಟ್ಟು ಪ್ರಮಾಣಪತ್ರ ಹಂಚಿದರೆ ಸಮಾಲೋಚಕರು ಮತ್ತೆ ಉಪದೇಶಕ್ಕಿಳಿಯುತ್ತಾರೆ. ಗೋವಾದಲ್ಲಿ ಮಾತುಕತೆಗಳನ್ನು ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡು, ಸಹೋದ್ಯೋಗಿಗಳೇ ಕೂತು ಕೇಳಿ ಅಂಕ ಕೊಡುತ್ತಿದ್ದರು. ಇಲ್ಲಿಯೂ ಅದು ಬೇಕು. ಮೇಲ್ವಿಚಾರಣೆಗೆ ನಿಮ್ಹಾನ್ಸ್ ಊರಲ್ಲೇ ಇದೆ.

ಕೊಕೇನ್, ಮೆಥ್‌ನಂಥ ಉತ್ತೇಜಕ ಮಾದಕಗಳ ಚಟಕ್ಕೆ ಬೇರೆಯದೇ ಉಪಾಯ: ಮೂತ್ರಪರೀಕ್ಷೆ ಶುದ್ಧ ಬಂದ ಕೂಡಲೇ ಚಿಕ್ಕ ಬಹುಮಾನದ ಕೂಪನ್, ಪ್ರತಿ ಸಲ ಮೊತ್ತ ತುಸು ಹೆಚ್ಚು, ತಪ್ಪಿದರೆ ಮತ್ತೆ ಮೊದಲಿನಿಂದ. ಈ ಚಟಗಳಿಗೆ ಅತಿ ಗಟ್ಟಿ ಪುರಾವೆ ಇರುವುದು ಇದಕ್ಕೇ. ಸರ್ಕಾರಿ ಬಿಲ್ಲು ಪಾಸಾಗುವ ವೇಗದಲ್ಲಿ ಕೂಪನ್ ಕೊಟ್ಟರೆ ಅದು ಕೊಟ್ಟೂ ಕೊಡದಂತೆ. ಹೆರಾಯಿನ್ ಚಟಕ್ಕೆ ಮಾತು, ಬಹುಮಾನ ಎರಡೂ ಸಾಲವು, ಹೆರಾಯಿನ್ ಹಂಬಲ ತಡೆಯುವ ಬ್ಯುಪ್ರೆನಾರ್ಫಿನ್ ಮದ್ದು ಮುಂದುವರಿಯಬೇಕು. ಮದ್ದು ನಿಲ್ಲಿಸಿ ಕಳಿಸಿದವರು ಮತ್ತೆ ಹೆರಾಯಿನ್‌ಗಿಳಿದರೆ ದೇಹ ಹಳೆಯ ಪ್ರಮಾಣವನ್ನು ತಾಳದು.

ಹೀಗಾಗಿ ಒಂದೊಂದು ಕ್ಲಿನಿಕ್‌ಗೆ ಒಬ್ಬ ಸಮಾಲೋಚಕರನ್ನು ಕೊಡಿ, ಕೂಲಿಯವರು ಕೆಲಸ ಮುಗಿಸಿ ಬರುವಂತೆ ವಾರಕ್ಕೆರಡು ಸಂಜೆ ತೆರೆಸಿ. ಪರದೆ ಕಟ್ಟಿದ ಮೂಲೆ ಸಾಲದು, ಬಾಗಿಲಿರುವ ಕೋಣೆಯೇ ಬೇಕು. ಹೊರಗೆ ಸಾಲಿನಲ್ಲಿ ಕೂತಿರುವವರು ಅದೇ ಬೀದಿಯವರು.

ಇತಿ,
ಬೆಂಗಳೂರಿನ ವ್ಯಸನ ಚಿಕಿತ್ಸಾ ಸಮಾಲೋಚಕರು