ಟ್ರಂಕ್ ಸೆಟ್ಟಿಂಗ್ ಬದಲಿಸುವ ಮೊದಲು ಬರೆದು ಕೊಡಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಫೋನು, ನೆಟ್‌ವರ್ಕ್ ನೋಡಿಕೊಳ್ಳುವವನು ನಾನು. ಹಳೇ ತಂತಿಯ ಲೈನುಗಳನ್ನು ತೆಗೆಸಿ ಇಂಟರ್‌ನೆಟ್ ಮೇಲೆ ಬರುವ ಫೋನ್ ಸಂಪರ್ಕ, ಅಂದರೆ ಸಿಪ್ ಟ್ರಂಕ್ ಹಾಕಿಸಿಕೊಂಡಿದ್ದೇವೆ. ಒಂದೇ ನಂಬರಿಗೆ ಒಟ್ಟಿಗೆ ಹತ್ತು ಜನ ಫೋನ್ ಮಾಡಿದರೂ ಹತ್ತೂ ಕರೆ ಒಳಗೆ ಬರುತ್ತವೆ. ಅದರ ಬಗ್ಗೆ ದೂರಿಲ್ಲ. ನನ್ನ ದೂರು ಟ್ರಂಕ್ ಕೊಡುವ ಕಂಪನಿಗಳು ಸೆಟ್ಟಿಂಗ್ ತಿಳಿಸುವ ರೀತಿಯ ಬಗ್ಗೆ.

ಕಳೆದ ತಿಂಗಳು ನಮಗೆ ಟ್ರಂಕ್ ಕೊಡುವ ಕಂಪನಿ ತನ್ನ ಸರ್ವರ್ ವಿಳಾಸ ಬದಲಿಸಿತು. ಹಿಂದಿನ ದಿನ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಬಂತು, ಅದರಲ್ಲಿ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್, ಅಷ್ಟೇ. ನಮಗೆ ಮೂರು ಶಾಖೆಗಳಿವೆ, ಹಾಗಾಗಿ ನಾನು ಒಂದೊಂದಕ್ಕೂ ಲಾಗಿನ್ ಆಗದೆ ಫೋನ್ ಸಿಸ್ಟಮ್ಮಿನ ಎಪಿಐ (ಪ್ರೋಗ್ರಾಂಗಳು ನೇರವಾಗಿ ಆದೇಶ ಕಳಿಸುವ ದಾರಿ) ಮೂಲಕ ಒಂದು ಸಣ್ಣ ಸ್ಕ್ರಿಪ್ಟ್‌ನಿಂದಲೇ ಬದಲಿಸುತ್ತೇನೆ. ಅವಸರದಲ್ಲಿ ಆ ಮೂರನ್ನೇ ಹಾಕಿ 'ಪುಟ್' ಎಂಬ ಆದೇಶ ಕಳಿಸಿದೆ. ನಮ್ಮ ಸಿಸ್ಟಮ್ಮಿನಲ್ಲಿ ಪುಟ್ ಅಂದರೆ ಹಳೆಯದನ್ನು ಪೂರ್ತಿ ತೆಗೆದು ಹೊಸದನ್ನು ಇಡುವುದು, ಹಾಗಾಗಿ ನಾನು ಕಳಿಸದ ಸೆಟ್ಟಿಂಗ್‌ಗಳೆಲ್ಲ ಡೀಫಾಲ್ಟ್‌ಗೆ ಹೋದವು. 'ಪ್ಯಾಚ್' ಕಳಿಸಿದ್ದರೆ ಆ ಮೂರು ಮಾತ್ರ ಬದಲಾಗುತ್ತಿದ್ದವು. ಆ ತಪ್ಪು ನನ್ನದೇ.

ಆದರೆ ಪರದೆಯ ಮೇಲೆ ಟ್ರಂಕ್ ಹಸಿರಾಗಿಯೇ ಇತ್ತು, ಅಂದರೆ ಕಂಪನಿಯ ಸರ್ವರಿನಲ್ಲಿ ರಿಜಿಸ್ಟರ್ ಆಗಿತ್ತು. ರಿಜಿಸ್ಟರ್ ಆಗಿದೆ ಅಂದರೆ ವಿಳಾಸ, ಪಾಸ್‌ವರ್ಡ್ ಸರಿಯಿವೆ ಎಂದಷ್ಟೇ ಅರ್ಥ, ಫೋನ್ ಸರಿಯಾಗಿ ನಡೆಯುತ್ತಿದೆ ಎಂದಲ್ಲ. ಕರೆ ಬರುತ್ತಿತ್ತು, ದನಿಯೂ ಕೇಳುತ್ತಿತ್ತು. ಕೆಟ್ಟಿದ್ದು ಡಿಟಿಎಂಎಫ್, ಅಂದರೆ ಗುಂಡಿ ಒತ್ತಿದ್ದನ್ನು ಕಳಿಸುವ ವಿಧಾನ. 'ಅಪಾಯಿಂಟ್‌ಮೆಂಟ್‌ಗೆ ಒಂದು ಒತ್ತಿ' ಅಂತ ನಮ್ಮ ರೆಕಾರ್ಡಿಂಗ್ ಹೇಳುತ್ತದೆ, ರೋಗಿ ಒತ್ತುತ್ತಾರೆ, ಮತ್ತೆ ಅದೇ ರೆಕಾರ್ಡಿಂಗ್. ಹರಿಹರದಿಂದ ಬಸ್ ಹತ್ತಿ ಬಂದ ಅಜ್ಜ ಒಬ್ಬರು 'ಬೆಳಿಗ್ಗೆಯಿಂದ ಒತ್ತಿ ಒತ್ತಿ ಸಾಕಾಯ್ತಪ್ಪ' ಎಂದಾಗಲೇ ನಮಗೆ ಗೊತ್ತಾಗಿದ್ದು. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಎಷ್ಟು ಜನ ಸುಮ್ನೆ ಫೋನ್ ಇಟ್ಟುಬಿಟ್ಟರೋ.

ಯಾವ ಡಿಟಿಎಂಎಫ್ ಬೇಕು ಎಂದು ಕೇಳಲು ಕಸ್ಟಮರ್ ಕೇರ್‌ಗೆ ಮಾಡಿದರೆ ಅಲ್ಲಿ ಹೇಳುವವರಿಲ್ಲ. ಇದೇನು ಗುಟ್ಟಲ್ಲವಲ್ಲ? ಸಿಪ್ ಎನ್ನುವುದು ಎಲ್ಲರಿಗೂ ಮುಕ್ತವಾದ ಮಾನದಂಡ, ಈಗ ಬಳಕೆಯಲ್ಲಿರುವ ರೂಪ 2002ರಲ್ಲೇ ಪ್ರಕಟವಾಗಿದೆ. ಪೋರ್ಟ್ 5060ಓ, ಗೂಢಲಿಪಿ ಇರುವ 5061ಓ, ದನಿಯನ್ನು ಡಿಜಿಟಲ್ ಮಾಡುವ ಕೋಡೆಕ್ ಯಾವುದು, ಒಟ್ಟಿಗೆ ಎಷ್ಟು ಕರೆ, ಇವೆಲ್ಲ ಒಂದೇ ಪುಟದಲ್ಲಿ ಹಿಡಿಸುವ ವಿಷಯ. ಹೊರಗೆ ಕರೆ ಮಾಡುವಾಗ ಒತ್ತಿದ ನಂಬರನ್ನು ಹೇಗೆ ಕಳಿಸಬೇಕು ಎಂಬುದನ್ನಂತೂ ಬರೆಯಲೇಬೇಕು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಹಾಕಬೇಕು, ಆದರೆ ಟ್ರಂಕ್‌ಗಳಲ್ಲಿ ಒಬ್ಬರು ಸೊನ್ನೆ ಕೇಳುತ್ತಾರೆ, ಇನ್ನೊಬ್ಬರು +91 ಕೇಳುತ್ತಾರೆ. ಅದನ್ನು ನಾವೇ ಹಾಕಿ ನೋಡಿ ಕಂಡುಕೊಳ್ಳಬೇಕು.

ಪಾಸ್‌ವರ್ಡನ್ನು ಸ್ಕ್ರೀನ್‌ಶಾಟಿನಲ್ಲಿ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ. ಅದು ಯಾರ ಕೈಗಾದರೂ ಸಿಕ್ಕರೆ ರಾತ್ರಿಯಿಡೀ ನಮ್ಮ ಖರ್ಚಿನಲ್ಲಿ ವಿದೇಶಕ್ಕೆ ಕರೆ ಹೋಗಬಹುದು.

ನಮ್ಮಂಥ ಊರುಗಳಲ್ಲಿ ಇದನ್ನು ನೋಡಿಕೊಳ್ಳುವವರು ಹೆಚ್ಚಿನವರು ಕೆಲಸ ಮಾಡುತ್ತಲೇ ಕಲಿತವರು. ಅವರಿಗಾಗಿ ಆ ಒಂದು ಪುಟವನ್ನು ಕನ್ನಡದಲ್ಲೂ ಕೊಡಿ. ಸರ್ವರ್ ಬದಲಿಸುವುದಿದ್ದರೆ ಒಂದು ವಾರ ಮೊದಲೇ ತಿಳಿಸಿ, ಹೊಸದು ಸರಿಹೋಗುವವರೆಗೆ ಹಳೆಯದನ್ನೂ ಚಾಲೂ ಇಡಿ.

— ಒಬ್ಬ ಓದುಗ, ದಾವಣಗೆರೆ